ಮುಂದೆ ಯಾವ ಕೋರ್ಸಿಗೆ ಕೆಲಸ ಇರುತ್ತೆ? ದಾವಣಗೆರೆಯ ಒಬ್ಬ ತಂದೆಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮೇಡಂ, ನಾನು ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತ. ಊರು ಜಗಳೂರು ತಾಲ್ಲೂಕು, ಅಲ್ಲಿ ಮೂರೂವರೆ ಎಕರೆ ಇದೆ. ಮಗ 2024ರಲ್ಲಿ ಬಿಇ ಕಂಪ್ಯೂಟರ್ ಸೈನ್ಸ್ ಮುಗಿಸಿದ. ಸೇರಿಸುವಾಗ ಎಲ್ಲರೂ ಅದನ್ನೇ ತಗೊಳ್ಳಿ ಅಂದಿದ್ದರು. ಈಗ ಬೆಂಗಳೂರಲ್ಲಿ ಪಿಜಿಯಲ್ಲಿದ್ದು ಟೆಸ್ಟಿಂಗ್ ಕೋರ್ಸ್ ಮಾಡುತ್ತಿದ್ದಾನೆ. ಕೆಲಸ ಸಿಕ್ಕಿಲ್ಲ. ಎರಡು ಲಕ್ಷ ಕೊಟ್ಟರೆ ಕಂಪನಿಗೆ ಸೇರಿಸುತ್ತೇನೆ ಅಂತ ಒಬ್ಬರು ಹೇಳುತ್ತಿದ್ದಾರೆ. ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಶೇ 81 ತೆಗೆದಿದ್ದಾಳೆ. ಪಿಯುಸಿ ಸೈನ್ಸಿಗೆ ಹಾಕೋದಾ, ಡಿಪ್ಲೊಮಾಗಾ? ಕೌನ್ಸೆಲಿಂಗ್ ಮಾಡುವವರು ಒಬ್ಬರು ‘2030ರ ಟಾಪ್ 10 ಕೋರ್ಸ್’ ಅಂತ ಚಾರ್ಟ್ ತೋರಿಸಿ, ಎಐ ಬಿಟ್ಟರೆ ಬೇರೆ ಗತಿ ಇಲ್ಲ ಅಂದರು. ನನ್ನ ಭಾಮೈದ ನೋಡಿದರೆ ಎಐ ಬಂದು ಕಂಪ್ಯೂಟರ್ ಕೆಲಸಗಳೇ ಹೋಗುತ್ತವೆ ಅಂತಾನೆ. ಯಾವ ಕೆಲಸಕ್ಕೆ ಎಷ್ಟು ಜನ ಬೇಕು ಅನ್ನುವ ಲೆಕ್ಕ ಸರ್ಕಾರದ ಹತ್ತಿರ ಇರುವುದಿಲ್ಲವೇ? ಇದ್ದರೆ ಅಷ್ಟೇ ಸೀಟು ಇಡಬಹುದಲ್ಲ? ಮಗಳ ಓದಿಗೆ ಒಂದು ಎಕರೆ ಅಡ ಇಡಬೇಕು ಅಂತಿದ್ದೇನೆ, ಇಡಬಹುದಾ? ಇನ್ನೊಂದು, ಹೊಲದ ಬೋರ್‌ವೆಲ್ ಸ್ಟಾರ್ಟರ್ ಕೆಟ್ಟಾಗ ಮಗಳೇ ಬಿಚ್ಚಿ ಸರಿ ಮಾಡಿದಳು. ಇದು ಮುಖ್ಯ ಅಲ್ಲ, ಸುಮ್ನೆ ಬರೆದೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಗನ ಬಗ್ಗೆ, ಮಗಳ ಬಗ್ಗೆ, ಹೊಲದ ಬಗ್ಗೆ ಕೇಳಿದ್ದೀರಿ. ಮೂರರ ಹಿಂದೆ ಇರುವ ಭಯ ಒಂದೇ. ಒಂದು ಸಲ ನಾಲ್ಕು ಜನರ ಮಾತು ಕೇಳಿ ದುಡ್ಡು ಸುರಿದಾಯಿತು, ಎರಡನೇ ಸಲವೂ ಹಾಗೇ ಆದರೆ ಏನು ಗತಿ ಅಂತ. ಈ ಭಯ ನ್ಯಾಯವಾದದ್ದೇ. ನನ್ನ ಹತ್ತಿರ ಬರುವ ಹತ್ತು ಅಪ್ಪ ಅಮ್ಮಂದಿರಲ್ಲಿ ಆರು ಮಂದಿಗೆ ಇದೇ ಇದೆ.

ನಾನು ಇಪ್ಪತ್ತೆರಡು ವರ್ಷ ಡಿಪ್ಲೊಮಾ ಮಕ್ಕಳಿಗೆ ಪಾಠ ಹೇಳಿದವಳು. ಅವರಿಗೆ ಕೆಲಸ ಹುಡುಕಿಕೊಡುವ ಜವಾಬ್ದಾರಿಯೂ ನನ್ನ ಮೇಲೇ ಇತ್ತು. ಜಿಲ್ಲೆಯಲ್ಲಿ ಯಾವ ಕೆಲಸಕ್ಕೆ ಎಷ್ಟು ಜನ ಬೇಕಾಗುತ್ತಾರೆ ಅಂತ ಸರ್ವೆ ಮಾಡುವ ತಂಡದ ಜೊತೆಗೂ ಓಡಾಡಿದ್ದೇನೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಇನ್ನು ನಾಲ್ಕು ವರ್ಷಕ್ಕೆ ಇಂಥ ಕೋರ್ಸಿನವರಿಗೇ ಕೆಲಸ ಸಿಗುತ್ತೆ ಅಂತ ಖಚಿತವಾಗಿ ಹೇಳಬಲ್ಲವರು ಯಾರೂ ಇಲ್ಲ. ಚಾರ್ಟ್ ತೋರಿಸಿದವರೂ ಇಲ್ಲ, ನಾನೂ ಇಲ್ಲ. ಹಾಗಂತ ಕತ್ತಲಲ್ಲಿ ಕಲ್ಲು ಹೊಡೆಯಬೇಕಾಗಿಯೂ ಇಲ್ಲ. ಏನು ಗೊತ್ತಾಗುತ್ತೆ, ಏನು ಗೊತ್ತಾಗೋದಿಲ್ಲ ಅನ್ನುವುದನ್ನು ಬಿಡಿಸಿ ನೋಡಿದರೆ ಅರ್ಧ ಭಯ ಕಡಿಮೆಯಾಗುತ್ತೆ.

ನೀವು ಮಾಡಿದ್ದು ತಪ್ಪೇ?

ನಿಮ್ಮ ಮಗ ಸೀಟು ತಗೊಂಡಿದ್ದು 2020ರಲ್ಲಿ, ಕೊರೊನಾ ವರ್ಷ. ಅವನು ಎರಡನೇ ವರ್ಷದಲ್ಲಿದ್ದಾಗ, ಅಂದರೆ 2021-22ರಲ್ಲಿ, ಐಟಿ ಕಂಪನಿಗಳು ಹೊಸಬರನ್ನು ಸಾಲುಸಾಲಾಗಿ ತಗೊಂಡವು. ಅವನು ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ಗಾಳಿ ತಿರುಗಿತ್ತು. 2023-24ರಲ್ಲಿ ದೇಶದ ದೊಡ್ಡ ಐಟಿ ಕಂಪನಿಗಳಲ್ಲಿ ನೌಕರರ ಒಟ್ಟು ಸಂಖ್ಯೆಯೇ ಇಳಿಯಿತು. 2020ರಲ್ಲಿ ಇದನ್ನು ಯಾರೂ ಕಂಡಿರಲಿಲ್ಲ. ನೀವು ಕಾಣಬೇಕಿತ್ತು ಅಂದುಕೊಂಡು ಕೊರಗಬೇಡಿ.

ಇದರ ಒಳಗಿನ ಕಾರಣ ನಿಮಗೆ ಹೊಸದೂ ಅಲ್ಲ. ಚಳ್ಳಕೆರೆ, ಹಿರಿಯೂರು ಕಡೆಯ ಈರುಳ್ಳಿ ಬೆಳೆಗಾರರನ್ನು ನೀವು ನೋಡಿದ್ದೀರಿ. ಹೋದ ವರ್ಷ ಒಳ್ಳೇ ರೇಟು ಸಿಕ್ಕಿತು ಅಂತ ಈ ವರ್ಷ ಎಲ್ಲರೂ ಈರುಳ್ಳಿ ಹಾಕುತ್ತಾರೆ. ಎಲ್ಲರದೂ ಒಟ್ಟಿಗೆ ಮಾರುಕಟ್ಟೆಗೆ ಬಂದು ರೇಟು ನೆಲ ಕಚ್ಚುತ್ತೆ. ಕೈ ಸುಟ್ಟುಕೊಂಡವರು ಮುಂದಿನ ವರ್ಷ ಹಾಕುವುದಿಲ್ಲ, ಆಗ ಮತ್ತೆ ರೇಟು ಏರುತ್ತೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಜೇಡರಬಲೆ ಅಂತ ಹೆಸರು. ಎಂಜಿನಿಯರುಗಳ ವಿಷಯದಲ್ಲೂ ಹೀಗೇ ಆಗುತ್ತೆ ಅಂತ ಅಮೆರಿಕದ ರಿಚರ್ಡ್ ಫ್ರೀಮನ್ ಎಂಬ ಅರ್ಥಶಾಸ್ತ್ರಜ್ಞ 1970ರ ದಶಕದಲ್ಲೇ ಲೆಕ್ಕ ಹಾಕಿ ತೋರಿಸಿದರು. ಈರುಳ್ಳಿ ನಾಲ್ಕು ತಿಂಗಳ ಬೆಳೆ, ಎಂಜಿನಿಯರ್ ನಾಲ್ಕು ವರ್ಷದ ಬೆಳೆ. ಬಿತ್ತುವಾಗ ಇದ್ದ ರೇಟು ಕೊಯ್ಯುವಾಗ ಇರಲೇಬೇಕು ಅಂತೇನಿಲ್ಲ.

ನಮ್ಮ ಕಡೆ ಇದರ ದೊಡ್ಡ ಪೆಟ್ಟು ಬಿದ್ದದ್ದು ಡಿ.ಎಡ್ ಓದಿದ ಮಕ್ಕಳಿಗೆ. ಶಿಕ್ಷಕರ ನೇಮಕಾತಿ ಜೋರಾಗಿದ್ದ ಕಾಲದಲ್ಲಿ ಪಿಯುಸಿ ಆದ ಮೇಲೆ ಎರಡು ವರ್ಷ ಡಿ.ಎಡ್ ಮಾಡಿದರೆ ಸಾಕು, ಸರ್ಕಾರಿ ಕೆಲಸ ಅನ್ನುವ ನಂಬಿಕೆ ಇತ್ತು. ತಾಲ್ಲೂಕು ತಾಲ್ಲೂಕಿನಲ್ಲೂ ಡಿ.ಎಡ್ ಕಾಲೇಜು ಎದ್ದವು. ನನ್ನ ಚಿಕ್ಕಮ್ಮನ ಮಗಳು 2006ರಲ್ಲಿ ಸೇರಿದಳು. ಓದು ಮುಗಿಸಿ ಹೊರಗೆ ಬರುವ ಹೊತ್ತಿಗೆ ಸಾಲು ಬಹಳ ಉದ್ದವಾಗಿತ್ತು, ಕರೆಯುವ ಹುದ್ದೆ ಕಮ್ಮಿಯಾಗಿತ್ತು. ಆಮೇಲೆ ಮಕ್ಕಳೇ ಸೇರದೆ ಎಷ್ಟೋ ಡಿ.ಎಡ್ ಕಾಲೇಜುಗಳು ಮುಚ್ಚಿದವು. ಅವಳು ಈಗ ಒಂದು ಖಾಸಗಿ ಶಾಲೆಯಲ್ಲಿ ಸಣ್ಣ ಸಂಬಳಕ್ಕೆ ಪಾಠ ಮಾಡುತ್ತಾಳೆ. ಚೆನ್ನಾಗಿ ಮಾಡುತ್ತಾಳೆ. ಅವಳದ್ದು ಏನು ತಪ್ಪಿತ್ತು ಹೇಳಿ.

ಸರ್ಕಾರದ ಹತ್ತಿರ ಲೆಕ್ಕ ಇಲ್ವಾ?

ಇದೆ. ಲೆಕ್ಕ ಹಾಕುವ ಪ್ರಯತ್ನ ತುಂಬ ಹಳೆಯದು. 1960ರ ದಶಕದ ಆರಂಭದಲ್ಲಿ ಮುಂದುವರಿದ ದೇಶಗಳು ಸೇರಿ ಕಟ್ಟಿದ ಒಇಸಿಡಿ ಎಂಬ ಸಂಸ್ಥೆ ಇಟಲಿ, ಸ್ಪೇನ್, ಪೋರ್ಚುಗಲ್, ಗ್ರೀಸ್, ಟರ್ಕಿ, ಯುಗೊಸ್ಲಾವಿಯಾ ಈ ಆರು ದೇಶಗಳಿಗೆ ಇಂಥದೇ ಅಂದಾಜು ಮಾಡಿತು. ಮುಂದೆ ಎಷ್ಟು ಎಂಜಿನಿಯರ್, ಎಷ್ಟು ಮೇಷ್ಟ್ರು ಬೇಕು, ಅದಕ್ಕೆ ಈಗ ಎಷ್ಟು ಸೀಟು ಇಡಬೇಕು ಅಂತ. ನಮ್ಮ ದೇಶದಲ್ಲೂ 1962ರಲ್ಲಿ ಇದಕ್ಕೇ ಅಂತ ದೆಹಲಿಯಲ್ಲಿ ಒಂದು ಸಂಶೋಧನಾ ಸಂಸ್ಥೆ ಶುರುವಾಯಿತು. ಪಂಚವಾರ್ಷಿಕ ಯೋಜನೆಗಳ ಲೆಕ್ಕ ನೋಡಿ ಎಂಜಿನಿಯರಿಂಗ್ ಸೀಟುಗಳನ್ನು ಏರಿಸಿದರು. ಆದರೆ ಬರಗಾಲ ಬಂತು, ಯುದ್ಧ ಬಂತು, ಅಂದುಕೊಂಡಷ್ಟು ಕಾರ್ಖಾನೆ ಏಳಲಿಲ್ಲ. ಆ ದಶಕದ ಕೊನೆಗೆ ಎಂಜಿನಿಯರುಗಳೇ ಕೆಲಸವಿಲ್ಲದೆ ಕೂತರು, ಸೀಟು ಇಳಿಸಬೇಕಾಯಿತು.

ಎಲ್ಲಿ ತಪ್ಪುತ್ತೆ ಅಂತ ನಿಮ್ಮ ಎಪಿಎಂಸಿಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಹತ್ತು ವರ್ಷದ ನಂತರ ಎಷ್ಟು ಹಮಾಲರು ಬೇಕು ಅಂತ ಲೆಕ್ಕ ಹಾಕಬೇಕು ಅಂದುಕೊಳ್ಳಿ. ಮೊದಲು, ಆಗ ಎಷ್ಟು ಮೆಕ್ಕೆಜೋಳ ಬರುತ್ತೆ ಅಂತ ಅಂದಾಜು ಮಾಡಬೇಕು. ಅದು ಮಳೆ ಮೇಲೆ, ಕೋಳಿ ಫೀಡ್ ಕಾರ್ಖಾನೆಯವರ ಖರೀದಿ ಮೇಲೆ ನಿಂತಿದೆ. ಆಮೇಲೆ ಒಂದು ಲೋಡಿಗೆ ಎಷ್ಟು ಜನ ಬೇಕು ಅಂತ ನೋಡಬೇಕು. ಇವತ್ತು ಇಷ್ಟು ಅಂತ ನಿಮಗೆ ಬಾಯಲ್ಲೇ ಗೊತ್ತು. ಆದರೆ ನಾಳೆ ಕನ್ವೇಯರ್ ಬೆಲ್ಟ್ ಬಂತು, ಟಿಪ್ಪರ್ ಬಂತು, ಫೀಡ್ ಕಂಪನಿಯವರು ಹೊಲದಿಂದಲೇ ನೇರ ತಗೊಂಡು ಹೋದರು ಅನ್ನಿ. ಜೋಳ ಜಾಸ್ತಿಯಾದರೂ ಹಮಾಲರು ಕಮ್ಮಿ ಸಾಕು. ಮೊದಲ ಅಂದಾಜಿನಲ್ಲಿ ಒಂದಿಷ್ಟು ತಪ್ಪು, ಎರಡನೆಯದರಲ್ಲಿ ಇನ್ನೊಂದಿಷ್ಟು. ಎಂಜಿನಿಯರುಗಳ ಲೆಕ್ಕದಲ್ಲಿ ಇಂಥ ಹಂತ ನಾಲ್ಕೈದು. ಕೊನೆಗೆ ಬರುವ ಸಂಖ್ಯೆ ಹೇಗಿರುತ್ತೆ ನೀವೇ ಯೋಚಿಸಿ.

ನಾನು ಸರ್ವೆಗೆ ಹೋದಾಗಿನ ಒಂದು ಮಧ್ಯಾಹ್ನ ಮರೆಯುವ ಹಾಗಿಲ್ಲ. ಹರಿಹರದಲ್ಲಿ ಒಂದು ಸಣ್ಣ ವರ್ಕ್‌ಶಾಪ್, ಏಳು ಮಂದಿ ಕೆಲಸಗಾರರು. ನನ್ನ ಫಾರಂನಲ್ಲಿ ‘ಮುಂದಿನ ಐದು ವರ್ಷದಲ್ಲಿ ನಿಮಗೆ ಬೇಕಾಗುವ ಕೆಲಸಗಾರರ ಸಂಖ್ಯೆ’ ಅಂತ ಒಂದು ಕಾಲಂ. ಮಾಲೀಕರು ಕೈಯಲ್ಲಿದ್ದ ಹತ್ತಿ ವೇಸ್ಟಿನಲ್ಲಿ ಗ್ರೀಸ್ ಒರೆಸಿಕೊಂಡು, ‘ಮೇಡಂ, ಮುಂದಿನ ತಿಂಗಳು ಆರ್ಡರ್ ಬರುತ್ತೋ ಇಲ್ಲವೋ ಗೊತ್ತಿಲ್ಲ, ಐದು ವರ್ಷದ್ದು ಏನು ಬರೆಯಲಿ?’ ಅಂದರು. ಕೊನೆಗೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, ‘ಹತ್ತು ಅಂತ ಬರ್ಕೊಳ್ಳಿ’ ಅಂದರು. ಅಂಥ ನೂರಾರು ‘ಹತ್ತು’ಗಳು ಸೇರಿ ಒಂದು ಜಿಲ್ಲೆಯ ವರದಿ ಆಗುತ್ತೆ.

ಆದರೆ ಅದೇ ಮಾಲೀಕರು ಇನ್ನೊಂದು ಮಾತು ಹೇಳಿದರು. ಫಾರಂನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ‘ಸಿಎನ್‌ಸಿಯಲ್ಲಿ (ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕತ್ತರಿಸುವ ಯಂತ್ರ) ಬಟನ್ ಒತ್ತುವ ಹುಡುಗರು ಬೇಕಾದಷ್ಟು ಸಿಗ್ತಾರೆ. ಡ್ರಾಯಿಂಗ್ ಓದಿ ಸೆಟ್ಟಿಂಗ್ ಮಾಡೋನು ಎಂಟು ತಿಂಗಳಿಂದ ಸಿಕ್ಕಿಲ್ಲ.’ ಅವರಲ್ಲಿದ್ದ ಸೆಟ್ಟರ್‌ಗೆ ಆಪರೇಟರ್‌ನ ಹತ್ತಿರ ಹತ್ತಿರ ಎರಡು ಪಟ್ಟು ಸಂಬಳ. ಇಬ್ಬರ ಸರ್ಟಿಫಿಕೇಟೂ ಒಂದೇ. ವ್ಯತ್ಯಾಸ ಇದ್ದದ್ದು ಕೈಯಲ್ಲಿ. ಒಬ್ಬ ಟೂಲ್ ಸವೆದದ್ದನ್ನು ಶಬ್ದ ಕೇಳಿಯೇ ಹೇಳುತ್ತಿದ್ದ, ವರ್ನಿಯರ್ ಹಿಡಿದು ಅಳತೆ ಪಾಯಿಂಟು ತಪ್ಪದೆ ಓದುತ್ತಿದ್ದ. ಇನ್ನೊಬ್ಬ ಅವನು ಸೆಟ್ ಮಾಡಿಕೊಡುವವರೆಗೂ ಕಾಯುತ್ತಿದ್ದ. ಕೋರ್ಸಿನ ಹೆಸರು ನೋಡಿ ಲೆಕ್ಕ ಹಾಕುವ ಯಾವ ಅಂದಾಜಿನಲ್ಲೂ ಈ ವ್ಯತ್ಯಾಸ ಕಾಣುವುದಿಲ್ಲ. ಇಷ್ಟು ವರ್ಷದಲ್ಲಿ ನಾನು ಕಲಿತದ್ದರಲ್ಲಿ ಇದೇ ದೊಡ್ಡದು.

ಹಾಗಾದರೆ ಅಂದಾಜೆಲ್ಲ ದಂಡವೇ? ಅಲ್ಲ. ದಿಕ್ಕು ಹೇಳುವುದಕ್ಕೆ ಬೇಕೇ ಬೇಕು. ಇವತ್ತು ಒಂದನೇ ಕ್ಲಾಸಿನಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ಗೊತ್ತಿದ್ದರೆ ಎಂಟು ವರ್ಷದ ನಂತರ ಹೈಸ್ಕೂಲಿಗೆ ಎಷ್ಟು ಮೇಷ್ಟ್ರು ಬೇಕು ಅಂತ ಸುಮಾರಾಗಿ ಹೇಳಬಹುದು. ಒಂದು ಇಲಾಖೆಯಲ್ಲಿ ಐವತ್ತೈದು ದಾಟಿದವರು ಎಷ್ಟಿದ್ದಾರೆ ಅಂತ ಗೊತ್ತಿದ್ದರೆ ಎಷ್ಟು ಜಾಗ ಖಾಲಿಯಾಗುತ್ತೆ ಅಂತ ಹೇಳಬಹುದು. ಐಟಿಐನಲ್ಲಿ ಯಾವ ಟ್ರೇಡ್ ಇಡಬೇಕು, ಯಾವ ಮಷೀನು ತರಬೇಕು ಅನ್ನುವವರಿಗೆ ಈ ಲೆಕ್ಕವೇ ಆಧಾರ. ನಮ್ಮ ರಾಜ್ಯದಲ್ಲಿ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸ ಯಂತ್ರ, ಹೊಸ ಕೋರ್ಸ್ ತಂದದ್ದು ಇಂಥ ಯೋಚನೆಯಿಂದಲೇ. ಇನ್ನೊಂದು ಒಳ್ಳೆಯ ಬೆಳವಣಿಗೆ ಇದೆ. ಕೇಂದ್ರ ಸರ್ಕಾರದ ಉದ್ಯೋಗ ಸಮೀಕ್ಷೆ 2017ರಿಂದ ನಡೆಯುತ್ತಿದ್ದರೂ ಅದರಲ್ಲಿ ಜಿಲ್ಲೆಯ ಚಿತ್ರ ಸಿಗುತ್ತಿರಲಿಲ್ಲ. 2025ರ ಜನವರಿಯಿಂದ ಸಮೀಕ್ಷೆಗೆ ಜಿಲ್ಲೆಯನ್ನೇ ಮೂಲ ಘಟಕ ಮಾಡಿಕೊಂಡಿದ್ದಾರೆ. ಬರಬರುತ್ತಾ ನಮ್ಮ ಜಿಲ್ಲೆಗಳ ಬಗ್ಗೆ ಊಹೆ ಕಡಿಮೆಯಾಗಿ ಮಾಹಿತಿ ಜಾಸ್ತಿಯಾಗುತ್ತೆ ಅಂತ ನನಗೆ ನಂಬಿಕೆ ಇದೆ.

ಒಟ್ಟಾರೆ ಈ ಲೆಕ್ಕ ಸಾವಿರ ಸೀಟು ಹಂಚುವವರಿಗೆ ಉಪಯೋಗಕ್ಕೆ ಬರುತ್ತೆ. ಒಬ್ಬ ಹುಡುಗಿ ಯಾವ ಸೀಟಲ್ಲಿ ಕೂರಬೇಕು ಅಂತ ಅದು ಹೇಳೋದಿಲ್ಲ.

ಆ ಚಾರ್ಟಿನ ಬಗ್ಗೆ

‘ಅತಿ ವೇಗವಾಗಿ ಬೆಳೆಯುವ ಕೆಲಸ’ ಅಂತ ಶೇಕಡಾದಲ್ಲಿ ತೋರಿಸುವವರನ್ನು ಕಂಡರೆ ಒಂದೇ ಪ್ರಶ್ನೆ ಕೇಳಿ: ‘ಸಂಖ್ಯೆ ಎಷ್ಟು?’ ನೂರು ಇದ್ದ ಕೆಲಸ ಇನ್ನೂರಾದರೆ ಶೇ 100 ಬೆಳವಣಿಗೆ, ಆದರೆ ಹೊಸ ಕೆಲಸ ನೂರೇ. ಹತ್ತು ಸಾವಿರ ಇದ್ದದ್ದು ಶೇ 5 ಬೆಳೆದರೂ ಐನೂರು ಹೊಸ ಕೆಲಸ. ಜೊತೆಗೆ ಆ ಹತ್ತು ಸಾವಿರದಲ್ಲಿ ನಿವೃತ್ತಿ ಆಗುವವರು, ಬಿಟ್ಟು ಹೋಗುವವರು ಇರುತ್ತಾರಲ್ಲ, ಅವರ ಜಾಗವೂ ತುಂಬಬೇಕು. ಹೆಚ್ಚಿನ ಊರುಗಳಲ್ಲಿ ಹೊಸಬರಿಗೆ ಸಿಗುವ ಕೆಲಸದಲ್ಲಿ ದೊಡ್ಡ ಪಾಲು ಹೀಗೆ ಖಾಲಿಯಾದ ಜಾಗವೇ. ಅದು ಯಾವ ಚಾರ್ಟಿನಲ್ಲೂ ಮಿಂಚುವುದಿಲ್ಲ.

ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡಿ. ಅವು ಬಂದಾಗ ‘ಪವನ ವಿದ್ಯುತ್ತಿಗೆ ಮುಂದೆ ಭಾರಿ ಡಿಮ್ಯಾಂಡ್’ ಅಂದರು. ಸುಳ್ಳಲ್ಲ. ಆದರೆ ಜನ ಜಾಸ್ತಿ ಬೇಕಾಗುವುದು ರಸ್ತೆ ಮಾಡುವಾಗ, ಕಂಬ ನಿಲ್ಲಿಸುವಾಗ. ಎದ್ದು ನಿಂತ ಮೇಲೆ ಹತ್ತಾರು ಯಂತ್ರಗಳನ್ನು ಒಂದು ಸಣ್ಣ ತಂಡ ನೋಡಿಕೊಳ್ಳುತ್ತೆ. ಆ ತಂಡಕ್ಕೆ ಬೇಕಾದವರು ಎಲೆಕ್ಟ್ರಿಕಲ್ ಗೊತ್ತಿದ್ದು, ಎತ್ತರಕ್ಕೆ ಹತ್ತಲು ಹೆದರದವರು. ‘ಪವನ ವಿದ್ಯುತ್ ಕೋರ್ಸ್’ ಅಂತ ಬೇರೆ ಹೆಸರಿನದು ಮಾಡಿದವರೇ ಬೇಕು ಅಂತೇನಿಲ್ಲ. ಹಾಗಾಗಿ ಹೊಸ ಹೆಸರಿನ ಕೋರ್ಸ್ ಕಂಡಾಗ ಅದರ ಒಳಗೆ ಯಾವ ಹಳೆಯ ವಿದ್ಯೆ ಇದೆ ಅಂತ ನೋಡಿ.

ಇನ್ನು ಎಐ. ಕೌನ್ಸೆಲಿಂಗಿನವರು ಹೇಳಿದ್ದೂ ಪೂರ್ತಿ ನಿಜ ಅಲ್ಲ, ನಿಮ್ಮ ಭಾಮೈದ ಹೇಳಿದ್ದೂ ಅಲ್ಲ. 2013ರಲ್ಲಿ ಆಕ್ಸ್‌ಫರ್ಡ್‌ನ ಇಬ್ಬರು ಸಂಶೋಧಕರು ಅಮೆರಿಕದ ಕೆಲಸಗಳಲ್ಲಿ ಶೇ 47ಕ್ಕೆ ಯಂತ್ರದಿಂದ ಅಪಾಯ ಜಾಸ್ತಿ ಅಂತ ಅಂದಾಜಿಸಿದರು. ಮೂರು ವರ್ಷದ ನಂತರ ಒಇಸಿಡಿಗಾಗಿ ಬೇರೆಯವರು ಲೆಕ್ಕ ಹಾಕಿದಾಗ ಬಂದದ್ದು ಶೇ 9. ಇಷ್ಟು ಅಂತರ ಯಾಕೆ ಗೊತ್ತಾ? ಮೊದಲನೆಯವರು ಇಡೀ ಉದ್ಯೋಗವನ್ನು ಒಂದೇ ಗಂಟಾಗಿ ನೋಡಿದರು. ಎರಡನೆಯವರು ಆ ಉದ್ಯೋಗದಲ್ಲಿ ದಿನವೂ ಮಾಡುವ ಸಣ್ಣ ಸಣ್ಣ ಕೆಲಸಗಳನ್ನು ಬಿಡಿಸಿ ನೋಡಿದರು. ನಿಮ್ಮ ಗುಮಾಸ್ತಿಕೆಯನ್ನೇ ತಗೊಳ್ಳಿ. ಪಟ್ಟಿ ಕೂಡುವುದನ್ನು ಕಂಪ್ಯೂಟರ್ ಮಾಡುತ್ತೆ. ಆದರೆ ಜೋಳವನ್ನು ಅಂಗೈಯಲ್ಲಿ ಉಜ್ಜಿ ಎಷ್ಟು ಹಸಿ ಇದೆ ಅಂತ ಹೇಳುವುದು, ರೈತ ಸಿಟ್ಟಾದಾಗ ಸಮಾಧಾನ ಮಾಡುವುದು, ಯಾರಿಗೆ ಉದ್ರಿ ಕೊಡಬಹುದು ಅಂತ ಅಳೆಯುವುದು ನಿಮ್ಮ ಕೆಲಸವೇ. ಕಂಪ್ಯೂಟರ್ ಕೆಲಸದಲ್ಲೂ ಹಾಗೇ. ಹೇಳಿದ್ದನ್ನು ಹೇಳಿದ ಹಾಗೆ ಬರೆಯುವ ಕೆಲಸಕ್ಕೆ ಕಷ್ಟ ಬಂದಿದೆ. ಸಮಸ್ಯೆ ಏನು ಅಂತ ಕಂಡುಹಿಡಿಯುವವರಿಗೆ ಅಷ್ಟು ಬಂದಿಲ್ಲ.

ಒಂದು ಎಚ್ಚರ ಮಾತ್ರ ಹೇಳಬೇಕು. 2024ರಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಅನುಮತಿ ಕೊಡುವ ಎಐಸಿಟಿಇಯವರು, ಚೆನ್ನಾಗಿ ನಡೆಯುವ ಕಾಲೇಜುಗಳಿಗೆ ಒಂದು ಬ್ರಾಂಚಿಗೆ ಇಷ್ಟೇ ಸೀಟು ಅನ್ನುವ ಮಿತಿ ತೆಗೆದರು. ಆಗ ಎಲ್ಲರೂ ಕಂಪ್ಯೂಟರ್, ಎಐ ಸೀಟನ್ನೇ ಹೆಚ್ಚಿಸುತ್ತಾರೆ ಅಂತ ಊಹಿಸಬಹುದು ಅಲ್ವಾ? ಆ ಸೀಟುಗಳಿಗೆ ಸೇರಿದ ಮಕ್ಕಳು 2028ರಿಂದ ಹೊರಗೆ ಬರುತ್ತಾರೆ. ಬರೀ ಹೆಸರು ನೋಡಿ ಎಐ ಬ್ರಾಂಚಿಗೆ ಓಡುವ ಮೊದಲು ಈರುಳ್ಳಿಯನ್ನು ನೆನಪಿಸಿಕೊಳ್ಳಿ.

ಮಗಳ ವಿಷಯ

ನೀವು ‘ಸುಮ್ನೆ ಬರೆದೆ’ ಅಂದ ಸಾಲಿನಲ್ಲೇ ನನಗೆ ಹೆಚ್ಚು ಉತ್ತರ ಸಿಕ್ಕಿತು. ಹದಿನಾರು ವರ್ಷದ ಹುಡುಗಿ ಸ್ಟಾರ್ಟರ್ ಬಿಚ್ಚಿದ್ದಾಳೆ. ಒಳಗೆ ಕಾಯಿಲ್ ಇರುತ್ತೆ, ಕಾಂಟ್ಯಾಕ್ಟ್ ಇರುತ್ತೆ, ಓವರ್‌ಲೋಡ್ ರಿಲೇ ಇರುತ್ತೆ. ಎಲ್ಲಿ ಕೆಟ್ಟಿದೆ ಅಂತ ಅವಳು ಹೇಗೆ ಹುಡುಕಿದಳು ಅಂತ ಕೇಳಿ. ಸುಟ್ಟು ಕಪ್ಪಾದ ಕಾಂಟ್ಯಾಕ್ಟ್ ಕಂಡು ಎಮರಿ ಪೇಪರಿನಲ್ಲಿ ಉಜ್ಜಿದಳೋ, ಯಾರಾದರೂ ಮಾಡುವುದನ್ನು ನೋಡಿ ನೆನಪಿಟ್ಟುಕೊಂಡಿದ್ದಳೋ, ಒಂದೊಂದಾಗಿ ತೆಗೆದು ನೋಡುತ್ತಾ ಹೋದಳೋ. ತಪ್ಪು ಎಲ್ಲಿದೆ ಅಂತ ಕ್ರಮವಾಗಿ ಹುಡುಕುವ ಬುದ್ಧಿಯನ್ನು ನಾನು ಮೂರು ವರ್ಷ ಕೂರಿಸಿಕೊಂಡು ಕಲಿಸಿದರೂ ಕೆಲವರಿಗೆ ಬರುವುದಿಲ್ಲ. ಅವಳಿಗೆ ಹೊಲದಲ್ಲೇ ಬಂದಿದೆ. (ಮುಂದಿನ ಸಲ ಬಿಚ್ಚುವ ಮೊದಲು ಮೇನ್ ಸ್ವಿಚ್ ತೆಗೆದು, ಟೆಸ್ಟರ್ ಇಟ್ಟು ನೋಡಲು ಹೇಳಿ. ದೊಡ್ಡವರು ಪಕ್ಕದಲ್ಲಿರಲಿ. ತ್ರೀ ಫೇಸ್ ಕರೆಂಟು ಹುಡುಗಾಟ ಅಲ್ಲ.)

ಅವಳಿಗೂ ಮನಸ್ಸಿದ್ದರೆ, ನನ್ನ ಮೊದಲ ಸಲಹೆ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ. ದಾವಣಗೆರೆಯಲ್ಲೇ ಡಿ.ಆರ್.ಆರ್. ಸರ್ಕಾರಿ ಪಾಲಿಟೆಕ್ನಿಕ್ ಇದೆ. ಶುಲ್ಕ ಖಾಸಗಿ ಕಾಲೇಜಿಗೆ ಹೋಲಿಸಿದರೆ ತುಂಬ ಕಡಿಮೆ. ಎಲೆಕ್ಟ್ರಿಕಲ್‌ಗೆ ಮುಂದೆ ಡಿಮ್ಯಾಂಡ್ ಬರುತ್ತೆ ಅಂತ ನಾನು ಇದನ್ನು ಹೇಳುತ್ತಿಲ್ಲ. ಮುಂದೆ ಏನೇ ಆದರೂ ಈ ವಿದ್ಯೆಗೆ ಒಂದಲ್ಲ ಒಂದು ಬಾಗಿಲು ತೆರೆದಿರುತ್ತೆ ಅಂತ ಹೇಳುತ್ತಿದ್ದೇನೆ. ಕಾರ್ಖಾನೆ ಬಂದರೆ ಮೋಟಾರು ಬೇಕು, ಕಾರ್ಖಾನೆ ಬಾರದೆ ಆಸ್ಪತ್ರೆ ಬಂದರೆ ಜನರೇಟರು, ಲಿಫ್ಟು ಬೇಕು. ಸೋಲಾರ್ ಪಂಪ್‌ಸೆಟ್ ಆದರೂ ಸರಿ, ಗಾಳಿಯಂತ್ರ ಆದರೂ ಸರಿ, ಎಲೆಕ್ಟ್ರಿಕ್ ಗಾಡಿ ಆದರೂ ಸರಿ. ಬೆಸ್ಕಾಂನಂಥ ಕಡೆ ಜೂನಿಯರ್ ಎಂಜಿನಿಯರ್ ಹುದ್ದೆಗೆ ಡಿಪ್ಲೊಮಾದವರನ್ನು ಕರೆಯುತ್ತಾರೆ. ವಿದ್ಯುತ್ ಪರಿವೀಕ್ಷಣಾಲಯದಿಂದ ಸೂಪರ್‌ವೈಸರ್ ಪರ್ಮಿಟ್ ತಗೊಂಡರೆ ವೈರಿಂಗ್ ಕಾಂಟ್ರ್ಯಾಕ್ಟ್ ಕಡೆಗೂ ಹೋಗಬಹುದು. ನಾಳೆ ಅವಳಿಗೆ ಬಿಇ ಮಾಡಬೇಕು ಅನ್ನಿಸಿದರೆ ಡಿಪ್ಲೊಮಾದವರಿಗಾಗಿ ಇರುವ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರ ಎರಡನೇ ವರ್ಷಕ್ಕೆ ಸೇರಬಹುದು.

ಇದರಲ್ಲಿ ತೊಂದರೆ ಇಲ್ಲವೇ? ಇದೆ. ಡಿಪ್ಲೊಮಾದಿಂದ ಬಿಇಗೆ ಹೋದ ಮಕ್ಕಳು ಮೊದಲ ಒಂದು ವರ್ಷ ಗಣಿತದಲ್ಲಿ ಒದ್ದಾಡುತ್ತಾರೆ, ಪಿಯುಸಿಯವರಷ್ಟು ಗಣಿತ ಆಗಿರುವುದಿಲ್ಲ. ಮೆಡಿಕಲ್, ನರ್ಸಿಂಗ್, ಬಿಎಸ್ಸಿ ದಾರಿಗಳು ಹದಿನಾರನೇ ವಯಸ್ಸಿಗೇ ದೂರವಾಗುತ್ತವೆ. ಇನ್ನೊಂದನ್ನು ಮುಚ್ಚಿಡದೆ ಹೇಳಬೇಕು. ನಮ್ಮ ಕಡೆ ಕೆಲವು ಮಾಲೀಕರು ಈಗಲೂ ‘ಹುಡುಗೀರ್ ಬೇಡ ಮೇಡಂ, ಶಿಫ್ಟ್ ಕಷ್ಟ’ ಅಂತಾರೆ. ಈ ಮಾತಿಗೆ ನನಗೆ ಪ್ರತಿ ಸಲ ಸಿಟ್ಟು ಬಂದಿದೆ. ನನ್ನ ಹತ್ತಿರ ಓದಿದ ಹುಡುಗಿಯರಲ್ಲಿ ಪ್ಯಾನೆಲ್ ಬೋರ್ಡ್ ಕೆಲಸ ಹುಡುಗರಿಗಿಂತ ಅಚ್ಚುಕಟ್ಟಾಗಿ ಮಾಡಿದವರು ಎಷ್ಟೋ ಮಂದಿ. ಪರಿಸ್ಥಿತಿ ಬದಲಾಗುತ್ತಿದೆ. ಕೋಲಾರದ ನರಸಾಪುರ, ದೇವನಹಳ್ಳಿ ಕಡೆಯ ಮೊಬೈಲ್ ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಆದರೆ ಅಲ್ಲಿ ಜೋಡಣೆ ಕೆಲಸಕ್ಕೆ ಸೇರಿ ಅಲ್ಲೇ ನಿಂತುಬಿಟ್ಟರೆ ಬೆಳವಣಿಗೆ ಕಮ್ಮಿ. ಯಂತ್ರ ರಿಪೇರಿ, ಮೇಂಟೆನೆನ್ಸ್ ಕಡೆ ಹೋಗುವ ವಿದ್ಯೆ ಇದ್ದರೆ ಮಾತೇ ಬೇರೆ.

ಅವಳಿಗೆ ಮಷೀನ್ ಕೆಲಸದಲ್ಲಿ ಇನ್ನೂ ಆಳಕ್ಕೆ ಹೋಗುವ ಆಸೆ ಇದ್ದರೆ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ನೋಡಿ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಅದು. ಹರಿಹರದಲ್ಲೂ ಕೇಂದ್ರ ಇದೆ, ದಾವಣಗೆರೆಯಿಂದ ಬಸ್ಸಿನಲ್ಲಿ ದಿನಾ ಹೋಗಿ ಬರುವಷ್ಟು ಹತ್ತಿರ. ಟೂಲ್ ಅಂಡ್ ಡೈ ಮೇಕಿಂಗ್ (ಕಾರ್ಖಾನೆಗೆ ಬೇಕಾದ ಉಪಕರಣ, ಅಚ್ಚು ಮಾಡುವ ವಿದ್ಯೆ) ಡಿಪ್ಲೊಮಾದಲ್ಲಿ ಮೂರು ವರ್ಷ ಪಾಠ, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ದಿನಪೂರ್ತಿ ನಿಂತು ಕೆಲಸ ಮಾಡಿಸುತ್ತಾರೆ, ಗಟ್ಟಿ ಮನಸ್ಸು ಬೇಕು. ಮಧ್ಯದಲ್ಲಿ ಬಿಟ್ಟವರನ್ನೂ ನೋಡಿದ್ದೇನೆ. ಮುಗಿಸಿದವರನ್ನು ಕಂಪನಿಗಳು ಹುಡುಕಿಕೊಂಡು ಬರುವುದನ್ನೂ ನೋಡಿದ್ದೇನೆ. ನಾನು ಹೇಳಿದ ಆ ಸೆಟ್ಟರ್ ಇಂಥ ತರಬೇತಿಯವನಲ್ಲ, ಆದರೆ ಆ ಜಾಗಕ್ಕೆ ಬೇಕಾದ ವಿದ್ಯೆ ಇದೇ.

ಪಿಯುಸಿ ಸೈನ್ಸ್ ಕೆಟ್ಟ ದಾರಿಯಲ್ಲ. ಅವಳಿಗೆ ಗಣಿತ ಇಷ್ಟ ಇದ್ದು, ಇನ್ನೂ ಏನು ಅಂತ ನಿರ್ಧಾರ ಆಗಿಲ್ಲ ಅಂದರೆ ಅದೇ ಸರಿ. ಎರಡು ವರ್ಷ ಸಮಯ ಸಿಗುತ್ತೆ. ಆದರೆ ಕೋಚಿಂಗ್ ಹೆಸರಲ್ಲಿ ಲಕ್ಷಗಟ್ಟಲೆ ಕೊಟ್ಟು, ರ‍್ಯಾಂಕ್ ಬಾರದೆ, ಕೊನೆಗೆ ಡೊನೇಶನ್ ಸೀಟಿಗೆ ಹೊಲ ಅಡ ಇಡುವ ಹಾದಿ ಅಲ್ಲಿಂದಲೇ ಶುರುವಾಗುವುದು. ಸರ್ಕಾರಿ ಪಿಯು ಕಾಲೇಜಿಗೆ ಹಾಕಿದರೆ ಆ ಅಪಾಯ ಕಡಿಮೆ. ಎರಡು ಮೆಡಿಕಲ್ ಕಾಲೇಜು, ಬೇಕಾದಷ್ಟು ನರ್ಸಿಂಗ್ ಹೋಂ ಇರುವ ನಮ್ಮ ಊರಿನಲ್ಲಿ ಲ್ಯಾಬ್ ಟೆಕ್ನಿಷಿಯನ್, ಡಯಾಲಿಸಿಸ್, ಎಕ್ಸ್‌ರೇ ಕೆಲಸಗಳಿಗೂ ಒಳ್ಳೆಯ ಜನ ಬೇಕು. ರಕ್ತ, ರೋಗಿ ಅಂದರೆ ಹಿಂಜರಿಯದವರಿಗೆ ಮಾತ್ರ ಅದು. ನಿಮ್ಮ ಮಗಳನ್ನೇ ಕೇಳಿ.

ಮಗನ ವಿಷಯ

ಎರಡು ಲಕ್ಷ ಕೊಡಬೇಡಿ. ಒಂದು ರೂಪಾಯಿಯೂ ಬೇಡ. ‘ಬ್ಯಾಕ್‌ಡೋರ್’ ಅಂತ ಹೇಳಿ ದುಡ್ಡು ತಗೊಂಡು ಸುಳ್ಳು ಅನುಭವ ಪತ್ರ ಮಾಡಿಸಿ ಕೊಡುವವರಿದ್ದಾರೆ. ಆರು ತಿಂಗಳಿಗೆ ಪರಿಶೀಲನೆಯಲ್ಲಿ ಸಿಕ್ಕಿ, ಕೆಲಸವೂ ಹೋಗಿ, ಹೆಸರೂ ಕೆಟ್ಟ ಹುಡುಗರು ನನ್ನ ಮುಂದೆ ಕೂತು ಅತ್ತಿದ್ದಾರೆ. ನಿಜವಾದ ಕಂಪನಿ ಸೇರಿಸಿಕೊಳ್ಳಲು ದುಡ್ಡು ಕೇಳುವುದಿಲ್ಲ.

ಇನ್ನೊಂದು ಕೋರ್ಸಿಗಿಂತ ಅವನಿಗೆ ಈಗ ಬೇಕಾಗಿರುವುದು ಎಲ್ಲಾದರೂ ನಿಜವಾದ ಕೆಲಸ ಮಾಡಿದ ಒಂದು ವರ್ಷ. ಪದವೀಧರರಿಗೆ ಕೇಂದ್ರ ಸರ್ಕಾರದ ನ್ಯಾಟ್ಸ್ ಅಪ್ರೆಂಟಿಸ್ ಯೋಜನೆ ಇದೆ. ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತಗೊಳ್ಳಬೇಕು ಅಂತ ನಿಯಮವೇ ಇದೆ. ಸ್ಟೈಪೆಂಡ್ ಸಣ್ಣದು, ಬೆಂಗಳೂರಿನ ಪಿಜಿ ಖರ್ಚಿಗೆ ಸಾಲದೆ ಹೋಗಬಹುದು. ಮುಗಿದ ಮೇಲೆ ಅಲ್ಲೇ ಕೆಲಸ ಕೊಡುತ್ತಾರೆ ಅನ್ನುವ ಖಾತ್ರಿಯೂ ಇಲ್ಲ. ಆದರೂ ‘ಫ್ರೆಷರ್’ ಅನ್ನುವ ಹಣೆಪಟ್ಟಿ ಹೋಗುತ್ತೆ. ಅವನು ಅರ್ಜಿ ಹಾಕುವುದು ಬರೀ ಐಟಿ ಕಂಪನಿಗಳಿಗಾ ಅಂತಲೂ ಕೇಳಿ. ಆಸ್ಪತ್ರೆ, ಸಹಕಾರಿ ಬ್ಯಾಂಕ್, ಗಾರ್ಮೆಂಟ್ ಕಾರ್ಖಾನೆ, ದೊಡ್ಡ ಸಗಟು ವ್ಯಾಪಾರಿ, ಎಲ್ಲರ ಹತ್ತಿರವೂ ಸಾಫ್ಟ್‌ವೇರ್ ಇದೆ, ಅದನ್ನು ನಡೆಸುವವರು ಬೇಕು. ಸಂಬಳ ಮೊದಲು ಕಮ್ಮಿ. ಪಿಜಿಯಲ್ಲಿ ಸುಮ್ನೆ ಕಾಯುವುದಕ್ಕಿಂತ ನೂರು ಪಾಲು ಮೇಲು.

ಹೊಲ

ಅಡ ಇಡಬೇಡಿ. ಮಗಳಿಗೆ ನಾನು ಹೇಳಿದ ಯಾವ ದಾರಿಗೂ ಅಷ್ಟು ದುಡ್ಡು ಬೇಕಾಗಿಲ್ಲ. ಅಷ್ಟು ದುಡ್ಡು ಕೇಳುವ ಕೋರ್ಸ್ ಯಾರಾದರೂ ತೋರಿಸಿದರೆ, ಹೋದ ಎರಡು ವರ್ಷ ಅಲ್ಲಿ ಓದಿದ ಮಕ್ಕಳಲ್ಲಿ ಐದು ಜನರ ಫೋನ್ ನಂಬರ್ ಕೇಳಿ ಮಾತಾಡಿ. ಪ್ಲೇಸ್‌ಮೆಂಟ್ ಬೋರ್ಡಿನಲ್ಲಿ ಫೋಟೊ ಇರುವವರದ್ದಲ್ಲ, ಇಲ್ಲದವರದ್ದು.

ಅರ್ಜಿ ಹಾಕುವ ಮೊದಲು ಮಗಳಿಂದ ಒಂದು ಕೆಲಸ ಮಾಡಿಸಿ. ಎರಡು ವಾರ ಸಾಕು. ಒಂದು ನೋಟ್‌ಬುಕ್ ಕೊಡಿ. ಊರಲ್ಲಿ ಎಲ್ಲೆಲ್ಲಿ ‘ಬೇಕಾಗಿದ್ದಾರೆ’ ಬೋರ್ಡ್ ಇದೆಯೋ, ಪೇಪರಿನಲ್ಲಿ ಜಾಹೀರಾತು ಇದೆಯೋ, ಎಲ್ಲ ಬರೆದುಕೊಳ್ಳಲಿ. ಯಾವ ಕೆಲಸ, ಏನು ಗೊತ್ತಿರಬೇಕು ಅಂದಿದ್ದಾರೆ, ಸಂಬಳ ಎಷ್ಟು. ಎರಡನೇ ವಾರ ಮತ್ತೆ ಹೋಗಿ ಯಾವ ಬೋರ್ಡ್ ಇನ್ನೂ ಅಲ್ಲೇ ಇದೆ ಅಂತ ನೋಡಲಿ. ಇಳಿಯದ ಬೋರ್ಡ್‌ಗೆ ಕಾರಣ ಎರಡರಲ್ಲೊಂದು. ಸಂಬಳ ತೀರಾ ಕಮ್ಮಿ, ಇಲ್ಲವೇ ಆ ವಿದ್ಯೆ ಬಲ್ಲವರು ಇಲ್ಲ. ಒಳಗೆ ಹೋಗಿ ಕೇಳಿದರೆ ಯಾವುದು ಅಂತ ಹೇಳುತ್ತಾರೆ. ಒಂದು ಮೋಟಾರ್ ರೀವೈಂಡಿಂಗ್ ಅಂಗಡಿ, ಒಂದು ಆಸ್ಪತ್ರೆಯ ಮೇಂಟೆನೆನ್ಸ್ ವಿಭಾಗ, ಹರಿಹರದ ಒಂದು ವರ್ಕ್‌ಶಾಪ್, ಈ ಮೂರು ಕಡೆಯಾದರೂ ಅವಳು ಅರ್ಧ ದಿನ ನಿಂತು ನೋಡಿ ಬರಲಿ. ಜೊತೆಗೆ ನೀವೂ ಹೋಗಿ. ಎಪಿಎಂಸಿಗೆ ಒಂದು ದಿನ ರಜೆ ಹಾಕಿದರೂ ಪರವಾಗಿಲ್ಲ.

ಆಮೇಲೆ ಆ ನೋಟ್‌ಬುಕ್ಕಿನ ಪುಟಗಳ ಫೋಟೊ ತೆಗೆದು ನನಗೆ ಕಳಿಸಿ. ಪಾಲಿಟೆಕ್ನಿಕ್‌ಗೆ ಅರ್ಜಿ ಹಾಕುವ ಕೊನೆಯ ದಿನ ಯಾವತ್ತು ಅಂತ ನೋಡಿಕೊಂಡು, ಅದಕ್ಕೆ ಒಂದು ವಾರ ಮೊದಲೇ ಕಳಿಸಿ. ಮಗಳು ಬರೆದದ್ದನ್ನು ಇಟ್ಟುಕೊಂಡು ಮುಂದಿನ ಮಾತು ಅವಳ ಜೊತೆಯೇ ಆಡುತ್ತೇನೆ.